ಹಾಜರಾತಿ ಜಾಸ್ತಿಯಾದರೆ ಕಲಿಕೆ ತಾನಾಗಿ ಬರುತ್ತಾ?

ಪಕ್ಕದ ಸರ್ಕಾರಿ ಶಾಲೆಗೆ ನಿಮ್ಮ ಅಪಾರ್ಟ್‌ಮೆಂಟಿನವರು ಟ್ಯಾಬ್ ಕೊಡಿಸಬೇಕು ಅಂತಿದ್ದೀರಿ, ಟ್ಯಾಬಿನ ಆಸೆಗೆ ಮಕ್ಕಳು ದಿನಾ ಶಾಲೆಗೆ ಬಂದರೆ ಕಲಿಕೆಯೂ ಸುಧಾರಿಸುತ್ತದೆ ಅಲ್ವಾ ಅಂತ ಕೇಳಿದ್ದೀರಿ. ಅಷ್ಟು ಸಲೀಸಲ್ಲ.

ಕೀನ್ಯಾದಲ್ಲಿ 1998ರಲ್ಲಿ ಶುರುವಾದ ಒಂದು ಅಧ್ಯಯನ ಇದೆ. ಮಿಗೆಲ್ ಮತ್ತು ಕ್ರೆಮರ್ ಅನ್ನುವ ಅರ್ಥಶಾಸ್ತ್ರಜ್ಞರು 75 ಶಾಲೆಗಳಲ್ಲಿ ಹಂತ ಹಂತವಾಗಿ ಜಂತುಹುಳದ ಮಾತ್ರೆ ಕೊಡಿಸಿ ನೋಡಿದರು. ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತು, ಆದರೆ ಪರೀಕ್ಷೆಯ ಅಂಕ ಇದ್ದಲ್ಲೇ ಇತ್ತು. ಇನ್ನು ಉದಯಪುರದ ಕಡೆ ಒಬ್ಬರೇ ಮೇಷ್ಟ್ರಿರುವ ಶಾಲೆಗಳಲ್ಲಿ ಮೇಷ್ಟ್ರು ದಿನಾ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳಬೇಕು, ಬಂದಷ್ಟು ದಿನಕ್ಕೆ ಸಂಬಳ ಅಂತ ಮಾಡಿದರು. ಮೇಷ್ಟ್ರ ಗೈರು ಶೇ. 42ರಿಂದ 21ಕ್ಕೆ ಇಳಿಯಿತು, ಅಲ್ಲಿ ಮಕ್ಕಳ ಅಂಕವೂ ಏರಿತು. ಹಾಜರಾತಿ ಅಂದರೆ ನಾವು ಮಕ್ಕಳದ್ದನ್ನೇ ಎಣಿಸುತ್ತೇವೆ ನೋಡಿ.

ನಾನು ನಾಲ್ಕು ವರ್ಷದಿಂದ ಶನಿವಾರ ಹೆಣ್ಣೂರು ಕಡೆಯ ಒಂದು ಶಾಲೆಗೆ ಓದಿಸೋಕೆ ಹೋಗುತ್ತೇನೆ. ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಜಾಸ್ತಿ, ಊರಲ್ಲಿ ಜಾತ್ರೆ ಅಂದರೆ ಹದಿನೈದು ದಿನ ಪತ್ತೆ ಇರುವುದಿಲ್ಲ. ಅವರಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ. ಪಾಠ ಓದು ಅಂದರೆ ಗಡಗಡ ಓದಿದ. ಸುಮ್ನೆ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಅಂದೆ. ಹುಡುಗ ತುಟಿಯಲ್ಲೇ ಮೊದಲ ಸಾಲಿನಿಂದ ಹೇಳಿಕೊಂಡು ಬಂದು, ನನ್ನ ಬೆರಳು ಇದ್ದಲ್ಲಿಗೆ ಬಂದಾಗ 'ಬೆಟ್ಟ' ಅಂದ. ಇಡೀ ಪಾಠ ಬಾಯಿಪಾಠ! ಬೋರ್ಡಿನ ಮೇಲೆ ಅದೇ ಪದ ಬರೆದರೆ 'ಬೆಟ' ಅಂದ, ಒತ್ತಕ್ಷರ ಗೊತ್ತೇ ಇಲ್ಲ.

ಇಂಥ ಮಕ್ಕಳಿಗೆ ಕೆಲಸ ಮಾಡಿದ್ದು ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಅನ್ನುವ ಸ್ವಯಂಸೇವಾ ಸಂಸ್ಥೆ ನಡೆಸಿದ ಬಾಲಸಖಿ ಕಾರ್ಯಕ್ರಮ. ಮೂರು, ನಾಲ್ಕನೇ ಕ್ಲಾಸಿನ ಹಿಂದುಳಿದ ಮಕ್ಕಳನ್ನು ದಿನಾ ಎರಡು ಗಂಟೆ ಬೇರೆ ಕೂರಿಸಿ, ಅದೇ ಬಡಾವಣೆಯ ಯುವತಿಯೊಬ್ಬಳು ಅಕ್ಷರ, ಲೆಕ್ಕ ಮೊದಲಿಂದ ಕಲಿಸುತ್ತಿದ್ದಳು. ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡುಫ್ಲೋ ಮತ್ತಿತರರು ಅಳೆದು ನೋಡಿದಾಗ ತೀರಾ ಹಿಂದಿದ್ದವರೇ ಹೆಚ್ಚು ಮುಂದೆ ಬಂದಿದ್ದರು. (ಇವರಿಬ್ಬರಿಗೂ ಕ್ರೆಮರ್‌ಗೂ 2019ರಲ್ಲಿ ನೊಬೆಲ್ ಬಂತು, ಅದಕ್ಕೇ ನಂಬಿ ಅಂತ ಹೇಳುತ್ತಿಲ್ಲ.) ನಮ್ಮಲ್ಲೂ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಗು ತನ್ನ ಮೆಟ್ಟಿಲಲ್ಲೇ ಕಲಿಯುತ್ತದೆ, ಆದರೆ ಅದು ಮೂರನೇ ಕ್ಲಾಸಿಗೆ ಮುಗಿಯುತ್ತದೆ.

ಅದಕ್ಕೇ ಟ್ಯಾಬ್ ಬಿಡಿ. ಆ ದುಡ್ಡಲ್ಲಿ ಅಲ್ಲೇ ಸುತ್ತಮುತ್ತ ಇರುವ, ಪಿಯುಸಿ ಮುಗಿಸಿದ ಹುಡುಗಿಯೊಬ್ಬಳಿಗೆ ಬಾಲಸಖಿಯ ಹಾಗೆ ಕಲಿಸೋಕೆ ವರ್ಷದ ಸಂಬಳ ಕೊಡಿ. ಮೊದಲು ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿಯವರನ್ನು (ಶಾಲೆಯ ಮೇಲುಸ್ತುವಾರಿ ಸಮಿತಿ) ಒಪ್ಪಿಸಿ, ಆಮೇಲೆ ಮಕ್ಕಳಿಗೆ ನೋಡೇ ಇರದ ನಾಲ್ಕು ಸಾಲು ಕೊಟ್ಟು ಒಬ್ಬೊಬ್ಬರಿಂದಲೂ ಓದಿಸಿ, ಅದರ ಮೇಲೆ ಗುಂಪು ಮಾಡಿ, ಯಾವ ಕ್ಲಾಸು ಅಂತ ನೋಡಬೇಡಿ. ಶನಿವಾರ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಹೋದರೆ ಗೇಟಿಗೆ ಬೀಗ.