ಬ್ಯಾಗಿನ ಜಿಪ್, ಫೈಲಿನ ಜಿಪ್

ಪ್ರಶ್ನೆ: ನಾನು ಬ್ಯಾಗ್ ರಿಪೇರಿ ಮಾಡುತ್ತೇನೆ, ದಿನವಿಡೀ ಜಿಪ್ ಹಾಕುವುದೇ ಕೆಲಸ. ಮಗಳು ಕಂಪ್ಯೂಟರಿನ ‘ಜಿಪ್ ಫೈಲ್’ ಎನ್ನುತ್ತಾಳೆ. ಅಮೆರಿಕದಲ್ಲಿರುವ ತಮ್ಮನ ವಿಳಾಸದಲ್ಲಿ ‘ಜಿಪ್ ಕೋಡ್’ ಇದೆ. ಮೂರೂ ಒಂದೇ ಜಿಪ್ಪೇ?
– ಓದುಗರೊಬ್ಬರು, ತುಮಕೂರು

ಉತ್ತರ: ಕೇಳಬೇಕಾದವರೇ ಕೇಳಿದ್ದೀರಿ! ಬಟ್ಟೆ ಸರ್ರನೆ ಹರಿದಾಗ, ಗುಂಡು ಸುಂಯ್ಯನೆ ಹಾದಾಗ ಕೇಳುವ ಸದ್ದನ್ನು ಇಂಗ್ಲಿಷಿನವರು 19ನೇ ಶತಮಾನದಲ್ಲಿ ‘ಜಿಪ್’ ಎಂದರು. ಸದ್ದಿನ ಬೆನ್ನಿಗೇ ವೇಗವೆಂಬ ಅರ್ಥವೂ ಬಂತು.

ನಿಮ್ಮ ಕೈಯಲ್ಲಿರುವ ಜಿಪ್ಪಿಗೆ ಮೊದಲು ಈ ಹೆಸರಿರಲಿಲ್ಲ. ಎಂಜಿನಿಯರ್ ಗಿಡಿಯನ್ ಸುಂಡ್‌ಬ್ಯಾಕ್ 1917ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಇದ್ದದ್ದು ‘ಸೆಪರಬಲ್ ಫಾಸ್ಟನರ್’ ಎಂಬ ಒಣ ಹೆಸರು. 1923ರಲ್ಲಿ ಗುಡ್‌ರಿಚ್ ಕಂಪನಿ ತನ್ನ ರಬ್ಬರ್ ಬೂಟುಗಳಿಗೆ ಅದನ್ನು ಹಾಕಿಸಿ ‘ಜಿಪ್ಪರ್’ ಎಂದು ಮಾರಿತು. ಬೂಟಿನ ಹೆಸರು ಕೊನೆಗೆ ಕೊಂಡಿಗೇ ಅಂಟಿಕೊಂಡಿತು. ರನ್ನರ್ ಎಳೆಯುವಾಗ ಕಿವಿಗೊಡಿ: ಅದರೊಳಗಿನ ಇಕ್ಕಟ್ಟು ದಾರಿ ಎರಡೂ ಬದಿಯ ಹಲ್ಲುಗಳನ್ನು ಒಂದೊಂದಾಗಿ ಕೂಡಿಸುತ್ತದೆ. ನಿಧಾನವಾಗಿ ಎಳೆದರೆ ಟಿಕ್ ಟಿಕ್, ಬೇಗ ಎಳೆದರೆ ಎಲ್ಲ ಸೇರಿ ಒಂದೇ ಜರ್ರ್.

ಮಗಳ ಜಿಪ್ ಫೈಲ್ ಎಂದರೆ ಹಲವು ಫೈಲುಗಳನ್ನು ಕುಗ್ಗಿಸಿ ಕಟ್ಟಿದ ಒಂದೇ ಗಂಟು; ಅದನ್ನು ಪ್ರೋಗ್ರಾಮರ್ ಫಿಲ್ ಕಾಟ್ಜ್ 1989ರಲ್ಲಿ ಹೊರತಂದರು. ಬೇಗ ಕೆಲಸ ಮುಗಿಸುತ್ತದೆ ಎನ್ನಲು ಆ ಹೆಸರು. ಚೀಲದ ಬಾಯಿ ಮುಚ್ಚುವ ಅರ್ಥ ಅದರ ಹಿಂದಿಲ್ಲ.

ತಮ್ಮನ ಜಿಪ್ ಮಾತ್ರ ಬೇರೆ ವಂಶದ್ದು. 1963ರಲ್ಲಿ ಅಮೆರಿಕದ ಅಂಚೆ ಇಲಾಖೆ ‘ಝೋನ್ ಇಂಪ್ರೂವ್‌ಮೆಂಟ್ ಪ್ಲಾನ್’ ಎಂಬುದರ ಮೊದಲಕ್ಷರಗಳನ್ನು ಜೋಡಿಸಿತು. ಕಾಗದ ಬೇಗ ಓಡುತ್ತದೆ ಎಂಬ ಜಾಹೀರಾತೂ ಅದರಲ್ಲೇ ಸೇರಿತು, ಜಾಣರು! 1972ರಲ್ಲಿ ಬಂದ ನಮ್ಮ ಪಿನ್ ಕೂಡ ‘ಪೋಸ್ಟಲ್ ಇಂಡೆಕ್ಸ್ ನಂಬರ್’ ಎಂಬುದರ ಮೊದಲಕ್ಷರಗಳ ಜೋಡಣೆಯೇ. ಹಾಗಾಗಿ ನಿಮ್ಮ 572101ಕ್ಕೂ ಬಟ್ಟೆಗೆ ಚುಚ್ಚುವ ಪಿನ್ನಿಗೂ ಏನು ನಂಟು ಎಂದು ಮುಂದಿನ ವಾರ ಕೇಳಬೇಡಿ.