ಎರಡನೆಯ ಕುರ್ಚಿಯ ಸಂಕಟ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆಯಿದೆ.)

ಐವತ್ತರ ಹೊಸ್ತಿಲಲ್ಲಿದ್ದ ಅವರನ್ನು ನನ್ನ ಬಳಿಗೆ ಕಳುಹಿಸಿದ್ದು ಹೆಂಡತಿ. ನಿದ್ರೆ ಕೆಟ್ಟಿತ್ತು, ಮನೆಯಲ್ಲಿ ಮಾತೆತ್ತಿದರೆ ಸಿಡುಕು. ತಯಾರಿಕಾ ಕಂಪನಿಯೊಂದರಲ್ಲಿ ಯಂತ್ರಗಳ ನಡುವೆಯೇ ಬೆಳೆದು, ಹಿಂದಿನ ವರ್ಷ ಮುಖ್ಯ ಕಾರ್ಯಾಚರಣಾಧಿಕಾರಿ, ಅಂದರೆ ಸಿಒಒ ಆಗಿದ್ದರು. ಅವರ ಮೇಲೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ಸಿಇಒ; ಹಣಕಾಸಿನ ಹೊಣೆ ಮುಖ್ಯ ಹಣಕಾಸು ಅಧಿಕಾರಿ, ಅಂದರೆ ಸಿಎಫ್‌ಒ ಅವರದು.

"ಹೆಸರಿಗಷ್ಟೇ ನಾನು ಎರಡನೆಯವನು. ಸಿಇಒ ನನ್ನನ್ನು ಕೇಳದೆ ಬೆಲೆ ಇಳಿಸುತ್ತಾರೆ. ಸಿಎಫ್‌ಒ ನನಗಿಂತ ಎಷ್ಟೋ ಕಿರಿಯರು, ಹೊಸ ಯಂತ್ರ ಕೇಳಿದರೆ ಹಣವಿಲ್ಲ ಎನ್ನುತ್ತಾರೆ. ಇದಕ್ಕಿಂತ ಕಾರ್ಖಾನೆಯೇ ವಾಸಿಯಾಗಿತ್ತು" ಎಂದರು.

ನಿದ್ರೆಯ ವಿಷಯಕ್ಕೆ ಮೊದಲು ವೈದ್ಯರನ್ನು ಕಾಣಲು ಹೇಳಿದೆ. ಉಳಿದದ್ದಕ್ಕೆ, ಮನಸ್ಸು ಕದಡಿದ ತೀರ್ಮಾನಗಳನ್ನೆಲ್ಲ ಬರೆದು, ಒಂದೊಂದರ ಮುಂದೆಯೂ ಕೊನೆಯ ಮಾತು ಯಾರದಾಗಬೇಕಿತ್ತು ಎಂದು ಗುರುತಿಸಿ ತರಲು ಕೇಳಿದೆ. ತಂದ ಹಾಳೆಯಲ್ಲಿ ಹೆಚ್ಚುಕಡಿಮೆ ಎಲ್ಲದರ ಮುಂದೆಯೂ ಅವರದೇ ಹೆಸರಿತ್ತು!

ಉನ್ನತ ಹುದ್ದೆಗಳನ್ನು ಅವರು ಏಣಿಯ ಮೆಟ್ಟಿಲುಗಳಂತೆ ಎಣಿಸುತ್ತಿದ್ದರು. ಆದರೆ ಅಲ್ಲಿ ಯಾರು ಯಾವುದಕ್ಕೆ, ಯಾರಿಗೆ ಉತ್ತರ ಹೇಳಬೇಕು ಎಂಬುದೇ ದೊಡ್ಡ ವ್ಯತ್ಯಾಸ. ಸಿಇಒ ಅವರನ್ನು ನೇಮಿಸುವುದೂ ತೆಗೆಯುವುದೂ ನಿರ್ದೇಶಕ ಮಂಡಳಿ. ಬೆಲೆ ಇಳಿಸಿ ನಷ್ಟವಾದರೆ ಮಂಡಳಿಯ ಮುಂದೆ ನಿಲ್ಲಬೇಕಾದವರು ಸಿಇಒ. ಸಿಎಫ್‌ಒ ಸಾಮಾನ್ಯವಾಗಿ ಸಿಇಒ ಕೈಕೆಳಗೇ ಇದ್ದರೂ, ಲೆಕ್ಕದ ಸತ್ಯಾಸತ್ಯದ ವಿಷಯದಲ್ಲಿ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯ ಪ್ರಶ್ನೆಗಳನ್ನೂ ಎದುರಿಸಬೇಕು. ಎನ್ರಾನ್ ಕಂಪನಿಯ ಸುಳ್ಳು ಲೆಕ್ಕದ ಹಗರಣದ ನಂತರ ಅಮೆರಿಕದಲ್ಲಿ 2002ರಲ್ಲಿ ಬಂದ ಸರ್ಬೇನ್ಸ್-ಆಕ್ಸ್ಲಿ ಕಾಯ್ದೆ, ಹಣಕಾಸು ವರದಿಗಳನ್ನು ಸಿಇಒ ಮತ್ತು ಸಿಎಫ್‌ಒ ಸ್ವತಃ ದೃಢೀಕರಿಸಬೇಕೆಂದಿತು. ಆ ಪಟ್ಟಿಯಲ್ಲಿ ಸಿಒಒ ಇಲ್ಲ. ಹಣವಿಲ್ಲ ಎಂದ ಆ ಕಿರಿಯರು ಇವರ ಹಿರಿತನವನ್ನು ತೂಗುತ್ತಿರಲಿಲ್ಲ, ತಮ್ಮ ಕೆಲಸ ಮಾಡುತ್ತಿದ್ದರು.

ಸಿಒಒ ಹುದ್ದೆಯೇ ಎಲ್ಲಕ್ಕಿಂತ ಅಸ್ಪಷ್ಟ. ಒಂದು ಕಡೆ ಉತ್ಪಾದನೆ ಮತ್ತು ಸರಬರಾಜು, ಇನ್ನೊಂದು ಕಡೆ ಮಾರಾಟವೂ ಸೇರಿ, ಮತ್ತೊಂದು ಕಡೆ ಮುಂದಿನ ಸಿಇಒಗೆ ತರಬೇತಿ. ಸಿಇಒ ಯಾವುದನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ ಎಂಬುದರ ಮೇಲೆ ಅದರ ಎಲ್ಲೆ ನಿಲ್ಲುತ್ತದೆ. ಆಪಲ್‌ನಲ್ಲಿ ಸಿಒಒ ಆಗಿದ್ದ ಟಿಮ್ ಕುಕ್ 2011ರಲ್ಲಿ ಸಿಇಒ ಆದರು. ಮೈಕ್ರೋಸಾಫ್ಟ್‌ನಲ್ಲಿ 2016ರಲ್ಲಿ ಸಿಒಒ ಕೆವಿನ್ ಟರ್ನರ್ ಹೊರಟಾಗ ಆ ಹೊಣೆಗಳನ್ನು ಹಲವರಿಗೆ ಹಂಚಲಾಯಿತು. ಒಂದೇ ಹೆಸರಿನ ಹುದ್ದೆಗೆ ಎರಡು ಹಣೆಬರಹ.

ಹಾಗೆಂದು ಅವರ ದೂರೆಲ್ಲ ಪೊಳ್ಳಾಗಿರಲಿಲ್ಲ. ಅವರು ಹಾಕಿದ್ದ ಪಾಳಿ ವೇಳಾಪಟ್ಟಿಯನ್ನು, ಅವರ ಕೈಕೆಳಗಿನ ವ್ಯವಸ್ಥಾಪಕರ ಎದುರಿಗೇ ಸಿಇಒ ರದ್ದುಮಾಡಿದ್ದರು. ಅದು ಸಂದೇಹವಿಲ್ಲದೆ ಸಿಒಒ ಕ್ಷೇತ್ರ, ಆ ನೋವು ನ್ಯಾಯವಾದದ್ದು. ವಿಚಿತ್ರವೆಂದರೆ ಹಾಳೆಯಲ್ಲಿ ಅದಕ್ಕೆ ಸಿಕ್ಕಿದ್ದು ಕೊನೆಯ ಸಾಲು, ಅದೂ ಸಣ್ಣ ಅಕ್ಷರದಲ್ಲಿ.

ನಾನು ಹೇಳಿದ್ದು ಇಷ್ಟು. ಬೆಲೆಯ ಜಗಳವನ್ನು ಬಿಡಿ. ಸಿಎಫ್‌ಒ ಹತ್ತಿರ ಹಿರಿತನದ ಮಾತು ಬೇಡ, ಯಂತ್ರ ಹಾಕಿದ ಹಣವನ್ನು ಯಾವಾಗ ದುಡಿದು ಕೊಡುತ್ತದೆ ಎಂಬ ಲೆಕ್ಕದೊಂದಿಗೆ ಹೋಗಿ. ಸಿಇಒ ಜೊತೆ ಕುಳಿತು, ಯಾವ ತೀರ್ಮಾನ ನಿಮ್ಮೊಬ್ಬರದು, ಯಾವುದರಲ್ಲಿ ನಿಮ್ಮನ್ನು ಕೇಳಬೇಕು, ಯಾವುದನ್ನು ತಿಳಿಸಿದರೆ ಸಾಕು ಎಂದು ಬರೆದುಕೊಳ್ಳಿ. ಭಿನ್ನಾಭಿಪ್ರಾಯ ಬಾಗಿಲ ಒಳಗೆ ಮುಗಿಯಲಿ ಎಂದು ಕೇಳಿ. ಮಂಡಳಿಯ ಅಧ್ಯಕ್ಷರು ನೇರವಾಗಿ ಏನಾದರೂ ಕೇಳಿದರೆ ಇದ್ದದ್ದನ್ನು ಹೇಳಿ, ಅದೇ ದಿನ ಸಿಇಒಗೂ ತಿಳಿಸಿ. ಮುಂದಿನ ಸಿಇಒ ಆಯ್ಕೆಯಲ್ಲಿ ನಿಮ್ಮ ಹೆಸರಿದೆಯೇ ಎಂದೂ ಕೇಳಿಬಿಡಿ.

ಕೊನೆಯ ಮಾತಿಗೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಬಡ್ತಿ ಸಿಕ್ಕ ದಿನವೇ ಮುಂದಿನ ಸಿಇಒ ತಾನೇ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರು. ಯಾರೂ ಮಾತು ಕೊಟ್ಟಿರಲಿಲ್ಲ, ಇವರೂ ಹೆಂಡತಿಗೆ ಸಹ ಹೇಳಿರಲಿಲ್ಲ.

ಮಾತುಕತೆಯಾಯಿತು. ಉತ್ಪಾದನೆ ಮತ್ತು ಸರಬರಾಜಿನಲ್ಲಿ ಕೈಹಾಕುವುದಿಲ್ಲ ಎಂದು ಸಿಇಒ ಒಪ್ಪಿದರು, ಮಾರಾಟವನ್ನು ಬಿಟ್ಟುಕೊಡಲಿಲ್ಲ. ಯಂತ್ರದ ವಿಷಯ ಮುಂದಿನ ಬಜೆಟ್‌ಗೆ ಹೋಯಿತು. ಸಿಇಒ ಆಯ್ಕೆಗೆ ಹೊರಗಿನವರನ್ನೂ ಪರಿಗಣಿಸುತ್ತೇವೆ ಎಂದರು ಅಧ್ಯಕ್ಷರು. ಅದು ಅವರಿಗೆ ಚೆನ್ನಾಗಿಯೇ ನಾಟಿತು. ಅಲ್ಲೇ ಉಳಿಯುವುದೋ, ಇದಕ್ಕಿಂತ ಸಣ್ಣ ಕಂಪನಿಯಲ್ಲಿ ಸಿಇಒ ಆಗುವುದೋ ಎಂಬುದು ಈಗ ನಮ್ಮ ಮುಂದಿರುವ ಪ್ರಶ್ನೆ. ಬಜೆಟ್ ಮುಗಿಯುವವರೆಗೆ ರಾಜೀನಾಮೆ ಬರೆಯಬೇಡಿ ಎಂದಿದ್ದೇನೆ.