ಶೋಗೆ ಶುದ್ಧ ತಳಿ ಕೋಳಿ ಬೆಳೆಸಬೇಕು, ಎಲ್ಲಿಂದ ಶುರು ಮಾಡಲಿ?

ಮೊಟ್ಟೆಗೆ ಕೋಳಿ ಸಾಕಿ ಅಭ್ಯಾಸ ಇದೆ, ಈಗ ಶೋಗೆ, ಅಂದರೆ ಕೋಳಿ ಪ್ರದರ್ಶನದ ಸ್ಪರ್ಧೆಗೆ, ಇಡುವಂಥ ಶುದ್ಧ ತಳಿ ಬೆಳೆಸಬೇಕು, ನಾಲ್ಕು ತಳಿ ಇಷ್ಟವಾಗಿವೆ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾಲ್ಕರಲ್ಲಿ ಮೂರನ್ನು ಸದ್ಯಕ್ಕೆ ಮರೆತುಬಿಡಿ. ನಾನು ಒಂದೇ ಸಲ ಐದು ತಳಿ ತಂದವನು. ಎರಡು ವರ್ಷ ಸುಮ್ನೆ ಕಾಳು ಹಾಕಿದ್ದಷ್ಟೇ ಬಂತು.

ಯಾಕೆ ಗೊತ್ತಾ? ಈ ಕೆಲಸದಲ್ಲಿ ಮರಿ ಮಾಡಿಸೋದು ಸುಲಭ, ಆರಿಸೋದೇ ಕಷ್ಟ. ಐವತ್ತು ಮರಿ ಬೆಳೆಸಿದರೆ ಅದರಲ್ಲಿ ಅರ್ಧದಷ್ಟು ಹುಂಜ, ಉಳಿದ ಹೇಟೆಗಳಲ್ಲಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಕು ಅನ್ನಿಸುವುದು ನಾಲ್ಕೋ ಐದೋ. ಅದೇ ಜಾಗ, ಅದೇ ಕಾಳನ್ನು ಐದು ತಳಿಗೆ ಹಂಚಿದರೆ ತಳಿಗೆ ಹತ್ತೇ ಮರಿ. ಹತ್ತರಲ್ಲಿ ಏನು ಆರಿಸುತ್ತೀರಿ? ಇದ್ದದ್ದನ್ನೇ ಇಟ್ಟುಕೊಳ್ಳುತ್ತೀರಿ, ಅಷ್ಟೇ.

ಹಾಗಾಗಿ ಒಂದು ತಳಿ, ಅದರಲ್ಲೂ ಒಂದೇ ಬಣ್ಣ. ಮೊದಲ ಸಲ ಮೈಯೆಲ್ಲ ಒಂದೇ ಬಣ್ಣ ಇರುವುದು ಒಳ್ಳೆಯದು, ಕಪ್ಪೋ ಬಿಳಿಯೋ. ಪಟ್ಟೆ ಇರುವ ಕೋಳಿ ನೋಡೋಕೆ ಚಂದ, ಆದರೆ ಆ ಪಟ್ಟೆಯ ಜೀನ್ ಹುಂಜಕ್ಕೆ ಎರಡು, ಹೇಟೆಗೆ ಒಂದೇ. ಅದಕ್ಕೇ ಹುಂಜ ಯಾವಾಗಲೂ ಸ್ವಲ್ಪ ತಿಳಿಬಣ್ಣ ಬರುತ್ತದೆ. ಶೋದಲ್ಲಿ ಮಾತ್ರ ಎರಡೂ ಒಂದೇ ಛಾಯೆಯಲ್ಲಿರಬೇಕು ಅಂತಾರೆ, ಅದಕ್ಕಾಗಿ ಕೆಲವರು ಒಳ್ಳೆ ಹುಂಜಕ್ಕೆ ಒಂದು ವಂಶ, ಒಳ್ಳೆ ಹೇಟೆಗೆ ಇನ್ನೊಂದು ವಂಶ ಅಂತ ಬೇರೆ ಬೇರೆಯಾಗಿ ಸಾಕುತ್ತಾರೆ. ಹೊಸಬರಿಗೆ ಬೇಡದ ತಲೆನೋವು. ನೀಲಿ ಆಂಡಲೂಷಿಯನ್ ಅನ್ನೋ ತಳಿಯ ಕಥೆ ಇನ್ನೊಂದು ಥರ. ನೀಲಿಗೆ ನೀಲಿ ಹಾಕಿದರೆ ಸುಮಾರು ಅರ್ಧ ಮರಿ ಮಾತ್ರ ನೀಲಿ. ಕಾಲು ಭಾಗ ಕಪ್ಪು, ಇನ್ನು ಕಾಲು ಭಾಗ ಬಿಳಿ ಮೇಲೆ ಮಸಿ ಚೆಲ್ಲಿದ ಹಾಗೆ. ನನಗೆ ಮೋಸ ಆಯಿತು ಅಂತ ಮಾರಿದವರ ಮೇಲೆ ಜಗಳಕ್ಕೇ ಹೋಗಿದ್ದೆ! ಜಪಾನೀಸ್ ಬ್ಯಾಂಟಮ್ ಅನ್ನೋ ಪುಟ್ಟ ಕೋಳಿಯ ಗಿಡ್ಡ ಕಾಲು ಇನ್ನೂ ಕಠಿಣ: ಗಿಡ್ಡ ಕಾಲಿನ ಜೋಡಿ ಹಾಕಿದರೆ ಕಾಲು ಭಾಗ ಮರಿ ಮೊಟ್ಟೆಯೊಳಗೇ ಸಾಯುತ್ತವೆ, ನೀವು ಇನ್‌ಕ್ಯುಬೇಟರ್‌ಗೆ ಬೈಯುತ್ತಾ ಕೂತಿರುತ್ತೀರಿ.

ತಳಿ ಆರಿಸಿದ ಮೇಲೆ ಅದರ ಸ್ಟ್ಯಾಂಡರ್ಡ್ ಓದಿ. ಕೋಳಿ ಹೇಗಿರಬೇಕು, ತೂಕ ಎಷ್ಟು, ಬಾಲದ ಕೋನ ಎಷ್ಟು, ಯಾವ ತಪ್ಪಿಗೆ ಹೊರಗೆ ಹಾಕುತ್ತಾರೆ, ಎಲ್ಲ ಅದರಲ್ಲಿರುತ್ತದೆ. ಅಮೆರಿಕದವರು 1874ರಿಂದ ಅಚ್ಚು ಹಾಕಿಸುತ್ತಿದ್ದಾರೆ, ಬ್ರಿಟನ್ನಿನವರದ್ದು ಬೇರೆ. ಒಂದೇ ತಳಿಗೆ ಎರಡರಲ್ಲೂ ವ್ಯತ್ಯಾಸ ಇರುತ್ತದೆ, ನೀವು ಹೋಗುವ ಶೋದಲ್ಲಿ ಯಾವುದು ನಡೆಯುತ್ತದೋ ಅದನ್ನೇ ಹಿಡಿಯಿರಿ.

ಕೊಳ್ಳುವಾಗ ಹ್ಯಾಚರಿ ಮರಿ ಬೇಡ. ಅವರು ನೋಡುವುದು ಎಷ್ಟು ಮೊಟ್ಟೆ ಬಂತು, ಎಷ್ಟು ಮರಿ ಹೋಯಿತು ಅಂತ. ಹೆಸರು ಅದೇ ಇರುತ್ತದೆ, ಮೈಕಟ್ಟು ಇರಲ್ಲ. ವರ್ಷಗಟ್ಟಲೆ ಅದೇ ತಳಿ ಹಿಡಿದು ಕೂತ ಬ್ರೀಡರ್ ಹತ್ತಿರ ಹೋಗಿ ಒಂದು ಹುಂಜ, ಎರಡು ಹೇಟೆ ತನ್ನಿ. ಬಹುಮಾನ ಗೆದ್ದ ಹುಂಜವನ್ನೇ ಕೊಡಿ ಅಂತ ಹಟ ಬೇಡ, ಅದರ ಅಣ್ಣತಮ್ಮಂದಿರು ಸಿಕ್ಕರೂ ಸಾಕು, ರಕ್ತ ಅದೇ ತಾನೇ. ತಂದ ಮೇಲೆ ಮೂವತ್ತು ದಿನ ಬೇರೆ ಗೂಡಿನಲ್ಲಿಡಿ. ಇದರಲ್ಲಿ ಮಾತ್ರ ಸೋಮಾರಿತನ ಬೇಡ.

ಇನ್ನು ನನ್ನ ದೊಡ್ಡ ತಪ್ಪು. ಒಂದು ಕಪ್ಪು ಹುಂಜ ಇತ್ತು, ಬಿಸಿಲಿಗೆ ನಿಂತರೆ ಜೀರುಂಡೆ ರೆಕ್ಕೆ ಥರ ಹಸಿರು ಹೊಳಪು. ತಲೆ ಮೇಲಿನ ಕೆಂಪು ಜುಟ್ಟಿನ ಹಿಂಬದಿ, ಎಡ ಪಕ್ಕಕ್ಕೆ, ಸಾಸಿವೆ ಕಾಳಿನಷ್ಟು ಒಂದು ಮಾಂಸದ ಮೊಳಕೆ. ಗಾಯದ ಕಲೆ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು. ಶೋದಲ್ಲಿ ಜಡ್ಜ್ ಹುಂಜವನ್ನು ಪಂಜರದಿಂದ ತೆಗೆದರು, ಮೈ ತಡವಿದರು, ರೆಕ್ಕೆ ಬಿಡಿಸಿದರು, ಕೊನೆಗೆ ಹೆಬ್ಬೆರಳಲ್ಲಿ ಜುಟ್ಟು ಸವರಿ ಆ ಮೊಳಕೆಯ ಹತ್ತಿರ ನಿಲ್ಲಿಸಿದರು. ಅಷ್ಟೇ, ಸ್ಪರ್ಧೆಯಿಂದ ಹೊರಗೆ. ಒಂಟಿ ಜುಟ್ಟಿನ, ಅಂದರೆ ಒಂದೇ ಸಾಲಿನ ಜುಟ್ಟಿರುವ, ಕೋಳಿಗೆ ಪಕ್ಕದಲ್ಲಿ ಮೊಳಕೆ ಇರಲೇಬಾರದು. ಅಷ್ಟು ಹೊತ್ತಿಗೆ ಅದರ ಮೂವತ್ತು ಮರಿ ಗೂಡಿನಲ್ಲಿದ್ದವು, ಒಂಬತ್ತರಲ್ಲಿ ಅದೇ ಮೊಳಕೆ. ಹುಂಜ ಈಗ ಮೊಟ್ಟೆ ಕೋಳಿಗಳ ಜೊತೆ ಆರಾಮಾಗಿದೆ.

ಮರಿ ಮಾಡಿಸುವುದು ನಿಮಗೆ ಗೊತ್ತೇ ಇದೆ, 21 ದಿನ, ಫ್ಯಾನ್ ಇರುವ ಇನ್‌ಕ್ಯುಬೇಟರ್ ಆದರೆ 37.5 ಡಿಗ್ರಿ. ಶೋ ಕೋಳಿಗೆ ಹೆಚ್ಚಿಗೆ ನೋಡಬೇಕಾದ್ದು ಎರಡೇ. ಹುಂಜ ಬದಲಾಯಿಸಿದರೆ ಮೂರು ನಾಲ್ಕು ವಾರ ಮೊಟ್ಟೆ ಎತ್ತಿಡಬೇಡಿ, ಹಳೇ ಹುಂಜದ ವೀರ್ಯ ಹೇಟೆಯ ಹೊಟ್ಟೆಯಲ್ಲಿ ಅಷ್ಟು ದಿನ ಇರುತ್ತದೆ. ಎರಡನೆಯದು ಗುರುತು. ಮರಿ ಒಣಗಿದ ಕೂಡಲೇ ಕಾಲ್ಬೆರಳ ನಡುವಿನ ಪೊರೆಗೆ ಸಣ್ಣ ತೂತು ಹಾಕುತ್ತೇವೆ. ಎರಡು ಕಾಲಿಗೆ ಸೇರಿ ನಾಲ್ಕು ಪೊರೆ, ಪ್ರತಿಯೊಂದಕ್ಕೂ ತೂತು ಹಾಕಬಹುದು ಇಲ್ಲವೇ ಬಿಡಬಹುದು, ಅಂದರೆ 16 ಥರದ ಗುರುತು. ಯಾವ ಗುರುತು ಯಾವ ಜೋಡಿಯದ್ದು ಅಂತ ಅವತ್ತೇ ನೋಟ್‌ಬುಕ್ಕಲ್ಲಿ ಬರೆಯಿರಿ, ನೆನಪಿರುತ್ತೆ ಅಂತ ಬಿಟ್ಟರೆ ಕೆಟ್ಟಿರಿ.

ಆರಿಸುವಾಗ ಅಡ್ಡಕೊಕ್ಕು, ಸೊಟ್ಟ ಬೆರಳು, ಒಂದು ಕಡೆಗೆ ವಾಲಿದ ಬಾಲ, ಇವನ್ನು ಕಂಡ ಕೂಡಲೇ ತೆಗೆಯಿರಿ. ಬಣ್ಣ, ಮೈಕಟ್ಟು ಮಾತ್ರ ಆತುರ ಬೇಡ, ದೊಡ್ಡ ಜಾತಿಯವು ಎಂಟು ಹತ್ತು ತಿಂಗಳಾದರೂ ತುಂಬಿಕೊಳ್ಳುತ್ತಲೇ ಇರುತ್ತವೆ. ಬೇಡದ ಹುಂಜಗಳನ್ನು ಏನು ಮಾಡುತ್ತೀರಿ ಅಂತ ಮನೆಯವರ ಜೊತೆ ಈಗಲೇ ಮಾತಾಡಿಕೊಳ್ಳಿ. ಸಾರಿಗೋ, ಮಾರಾಟಕ್ಕೋ ನಿಮ್ಮಿಷ್ಟ, ಆದರೆ ಇಪ್ಪತ್ತು ಹುಂಜ ಒಟ್ಟಿಗೆ ಕೂಗುವ ಬೆಳಗಿನ ಜಾವ ಆ ಮಾತು ಶುರು ಮಾಡಬೇಡಿ.

ತೊಳೆಯುವುದು, ಪಂಜರಕ್ಕೆ ಪಳಗಿಸುವುದು ಆಮೇಲಿನ ಮಾತು. ಆ ನಾಲ್ಕು ತಳಿ ಯಾವುವು, ಯಾವ ಬಣ್ಣ ಅಂತ ಕೆಳಗೆ ಬರೆಯಿರಿ, ನೋಡೋಣ. ಅದರಲ್ಲಿ ನೀಲಿ ಇದ್ದರೆ ಕರಿ ಮರಿಗಳಿಗೂ ಒಂದು ಗೂಡು ಕಟ್ಟಿಸಿಡಿ.